ಊಟ ಬಿಟ್ಟು ಎಂಟು ಪೌಂಡು

ಭೀಮನಬೀಡು

ನಮ್ಮ ಕಡೆ ಆಳು ಗೊತ್ತು ಮಾಡುವಾಗ ಒಂದು ಮಾತು ಮೊದಲೇ ತೀರ್ಮಾನವಾಗಬೇಕು: ಕೂಲಿ ಊಟ ಕೊಟ್ಟೋ, ಊಟ ಬಿಟ್ಟೋ. ಊಟ ಕೊಟ್ಟು ಎಂದರೆ ಮನೆಯವರು ಹೊತ್ತಿಗೆ ಸರಿಯಾಗಿ ಹಿಟ್ಟು ಸಾರು ಹಾಕಿ, ಕೈಗೆ ಕಡಿಮೆ ದುಡ್ಡು ಕೊಡುತ್ತಾರೆ. ಊಟ ಬಿಟ್ಟು ಎಂದರೆ ದುಡ್ಡು ಜಾಸ್ತಿ, ಹೊಟ್ಟೆ ಅವರವರದು. ಕಳೆ ಕೀಳುವ ಹೆಂಗಸಿನಿಂದ ಬಾವಿ ತೋಡುವವರ ತನಕ ಈ ಮಾತು ಆಡದೆ ಯಾರೂ ಸೊಂಟ ಬಗ್ಗಿಸುವುದಿಲ್ಲ. ನಮ್ಮ ಮಾವ ಗುರುಮಲ್ಲಪ್ಪನವರು ಇಂಗ್ಲೆಂಡನ್ನು ಅಳೆದದ್ದೂ ಇದೇ ಸೇರಿನಲ್ಲಿ.

ನಯಾಪೈಸೆ ಬರುವುದಕ್ಕೆ ಮುಂಚಿನ ಕಾಲ. ನನಗೆ ಇಪ್ಪತ್ತೆರಡು ವರ್ಷ, ಮದುವೆಯಾಗಿ ಮೂರು. ಆ ಮೂರರಲ್ಲಿ ಯಜಮಾನರ ಜೊತೆ ಬಾಳಿದ್ದು ಒಟ್ಟು ಏಳು ತಿಂಗಳು. ಉಳಿದ ಸಂಸಾರವೆಲ್ಲ ನೀಲಿ ಏರ್‌ಮೇಲ್ ಕಾಗದದಲ್ಲಿ. ಅವರು ಬರ್ಮಿಂಗ್‌ಹ್ಯಾಮಿನ ಒಂದು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಗೆರೆ ಎಳೆಯುವ ಕೆಲಸದಲ್ಲಿದ್ದು, ಸಂಜೆ ಇಂಜಿನಿಯರಿಂಗ್ ಕ್ಲಾಸಿಗೆ ಹೋಗುತ್ತಿದ್ದರು. ಒಂದು ಕಾಗದದಲ್ಲಿ, ಈಗ ವಾರಕ್ಕೆ ಎಂಟು ಪೌಂಡು ಆಗಿದೆ, ಗಿರಿಜಳನ್ನು ಕಳಿಸಿಕೊಡಿ ಎಂದು ಬರೆದರು.

ಒಂದು ಪೌಂಡಿಗೆ ಹದಿಮೂರು ರೂಪಾಯಿ ಚಿಲ್ಲರೆ ಎಂದು ಪೋಸ್ಟ್ ಮಾಸ್ಟರು ಹೇಳಿದ್ದೇ ತಡ, ನಮ್ಮ ಜಗಲಿಯಲ್ಲಿ ಗುಣಾಕಾರ ಶುರುವಾಯಿತು. ಅಮಲ್ದಾರರಿಗೂ ಇಷ್ಟು ಬರುವುದಿಲ್ಲ ಎಂದು ಒಬ್ಬರೆಂದರೆ, ಇಬ್ಬರು ಅಮಲ್ದಾರರನ್ನು ಕೂಡಿಸಿದರೂ ಬರುವುದಿಲ್ಲ ಎಂದು ಇನ್ನೊಬ್ಬರು. ಅಲ್ಲಿ ಒಂದು ಸೇರು ಅಕ್ಕಿಗೆ ಎಷ್ಟು ಎಂದು ಯಾರೂ ಕೇಳಲಿಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಓದಿ ಬಂದ ನನಗೂ ಅದು ಹೊಳೆಯಲಿಲ್ಲ.

ಕಾಗದ ಓದಿ ಹೇಳುತ್ತಿದ್ದವಳು ನಾನೇ. ಮಾವ ಇನ್ನೊಂದು ಸಲ ಓದಿಸಿದರು.

“ಊಟ ಕೊಟ್ಟೋ, ಊಟ ಬುಟ್ಟೋ ಬರ್ದಿಲ್ವಲ್ಲವ್ವ ಇವ್ನು?”

“ಅದೇನೂ ಇಲ್ಲ ಮಾವ.”

“ಬರೀದೆ ಇದ್ಮೇಲೆ ಕೊಟ್ಟೇ ಇರ್ತದೆ. ಅಷ್ಟು ದೊಡ್ಡ ದೊರೆಗೋಳು, ಒಂದೊತ್ತು ಅನ್ನ ಹಾಕ್ದೆ ದುಡಿಸ್ಕಂಡಾರಾ?”

ಹೀಗೆ ಇಂಗ್ಲೆಂಡಿನ ಸಂಬಳದ ಕರಾರು ಭೀಮನಬೀಡಿನಲ್ಲಿ ಗಟ್ಟಿಯಾಯಿತು. ಮುಂದಿನ ವಾರ ಮಾವ ಗಾರೆ ಕೆಲಸದವನನ್ನು ಕರೆಸಿ, ಮನೆಯ ಮೇಲೆ ಮಹಡಿ ಎಬ್ಬಿಸಲು ಗೋಡೆ ತಡೆಯುತ್ತದೆಯೇ ಎಂದು ತಟ್ಟಿ ತಟ್ಟಿ ನೋಡಿಸಿದರು. ನನಗೆ ಮಾತ್ರ ಒಂದು ಷರತ್ತು ಹಾಕಿದರು.

“ಇಬ್ರಿಗೂ ಸಾಕಾದ್ರೆ ಇರಿ. ಸಾಲ್ದೇ ಹೋದ್ರೆ ನೀನು ಮುಂದಿನ ಹಡಗಿಗೇ ಬಂದ್ಬುಡು. ಅವ್ನು ಇದ್ದು ಓದು ಮುಗಿಸ್ಲಿ. ಬ್ಯಾರೆ ಊರಲ್ಲಿ ಎರಡು ಹೊಟ್ಟೆ ಯಾಕೆ?”

ಏಳು ತಿಂಗಳ ಸಂಸಾರದವಳಿಗೆ ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು.

ಹೊರಡುವ ಹಿಂದಿನ ದಿನ ನನ್ನ ಸೀರೆಗಳನ್ನು ಒಗೆದು ತಂದವಳು ಸಾಕಮ್ಮ. ತಲೆತಲಾಂತರದಿಂದ ನಮ್ಮ ಮನೆಯ ಬಟ್ಟೆ ಒಗೆಯುವ ಮನೆತನದವಳು. ವರ್ಷಕ್ಕೊಮ್ಮೆ ರಾಗಿ ಅಳೆಯುವಾಗ ಅವಳ ಪಾಲಿನ ಧಾನ್ಯ, ಅದಕ್ಕೆ ಆಯ ಎನ್ನುತ್ತಾರೆ. ದಿನಾ ಸಂಜೆ ಹಿತ್ತಿಲ ಬಾಗಿಲಲ್ಲಿ ಪಾತ್ರೆ ಹಿಡಿದು ನಿಂತರೆ ನಮ್ಮ ಅತ್ತೆ ಮೇಲಿನಿಂದ ಬಿಡುವ ಒಂದು ಮುದ್ದೆ ಹಿಟ್ಟು, ಒಂದು ಸೌಟು ಸಾರು. ಕೈಗೆ ದುಡ್ಡು ಎಂಬುದಿಲ್ಲ. ಶರಣರಲ್ಲಿ ಬಟ್ಟೆ ಒಗೆಯುವವರೂ ಒಬ್ಬರಿದ್ದರು ಎಂದು ಮಾವ ಜಗಲಿಯಲ್ಲಿ ಕೂತು, ಕಣ್ಣು ಒದ್ದೆ ಮಾಡಿಕೊಂಡು, ಬಂದವರಿಗೆಲ್ಲ ಹೇಳುತ್ತಿದ್ದ ಹೊತ್ತಿನಲ್ಲೇ ಸಾಕಮ್ಮ ಹಿತ್ತಿಲಲ್ಲಿ ಕೆಮ್ಮಿ ತಾನು ಬಂದದ್ದನ್ನು ತಿಳಿಸುತ್ತಿದ್ದಳು. ಜಗಲಿಯಿಂದ ಹಿತ್ತಿಲಿಗೆ ಮೂವತ್ತು ಹೆಜ್ಜೆ. ಆ ಶರಣರು ನಮ್ಮ ಮನೆಯಲ್ಲಿ ಅಷ್ಟು ದೂರ ನಡೆದುಬಂದದ್ದನ್ನು ನಾನು ಕಾಣೆ.

“ಸಣ್ಣವ್ವ, ಆ ಊರಲ್ಲಿ ನಿಮ್ಗೆ ಬಟ್ಟೆ ಒಗೆಯೋರು ಯಾರು?” ಎಂದಳು ಸಾಕಮ್ಮ.

“ಅಲ್ಲಿ ಮಿಷನ್ ಒಗೀತದೆ ಸಾಕಮ್ಮ.”

“ಅದ್ಕೆ ಹಿಟ್ಟು ಬ್ಯಾಡ್ವ?”

“ಬೇಡ.”

“ಪುಣ್ಯವಂತ್ರು ಬುಡಿ,” ಎಂದಳು. ಹಸಿವಿಲ್ಲದ ಮಿಷನ್ನಿಗೆ ಹೇಳಿದಳೋ, ಹಿಟ್ಟು ಉಳಿಸಿಕೊಂಡ ಇಂಗ್ಲಿಷಿನವರಿಗೆ ಹೇಳಿದಳೋ, ಗೊತ್ತಾಗಲಿಲ್ಲ.

ಗುಂಡ್ಲುಪೇಟೆ, ಚಾಮರಾಜನಗರ

ತವರು ಗುಂಡ್ಲುಪೇಟೆ. ನಮ್ಮ ತಂದೆ ಅರಿಸಿನ, ಬೆಲ್ಲದ ವ್ಯಾಪಾರಿ. ಊಟಿಯಿಂದ ಇಂಗ್ಲಿಷಿನಲ್ಲಿ ಬರುವ ಕಾಗದಗಳನ್ನು ಓದಿಸಲು ವಕೀಲರಿಗೆ ಕೊಡುವ ಫೀಸು ಉಳಿಯಲಿ ಎಂದೇ ನನ್ನನ್ನು ಕಾನ್ವೆಂಟಿಗೆ ಹಾಕಿದ್ದರು. ಅಲ್ಲಿ ಸಿಸ್ಟರುಗಳು ನನಗೆ ದುಂಡಗಿನ ಹ್ಯಾಂಡ್‌ರೈಟಿಂಗ್, ಮೆತ್ತಗೆ ನಡೆಯುವುದು, ಎಂದೂ ನೋಡದ ಹೂಗಳ ಹೆಸರು ಕಲಿಸಿದರು. ಒಂದು ಪೌಂಡಿಗೆ ಎಷ್ಟು ಆಲೂಗಡ್ಡೆ ಎಂದು ಕಲಿಸಲಿಲ್ಲ.

ತಂದೆ ಅಳಿಯನ ಕಾಗದ ನೋಡಿ ಕನ್ನಡಕ ಒರೆಸಿಕೊಂಡರು. “ಬರೋದು ಬರ್ದವ್ರೆ, ಓಗೋದು ಬರ್ದಿಲ್ವಲ್ಲ ಮೊಗ,” ಎಂದರು. ಬೀಗರ ಜಗಲಿಯಲ್ಲಿ ಹತ್ತು ಜನಕ್ಕೆ ಹೊಳೆಯದ್ದು ಈ ಅಂಗಡಿಯಲ್ಲಿ ಒಬ್ಬರಿಗೆ ಹೊಳೆಯಿತು. ಆದರೆ ಅವರೂ ಮುಂದೆ ಕೇಳಲಿಲ್ಲ. ಬದಲಿಗೆ ಎರಡು ಸೇರು ಅರಿಸಿನದ ಕೊಂಬು ಕಟ್ಟಿಕೊಟ್ಟು, “ಅಲ್ಲಿ ಒಂದು ನಾಲ್ಕು ಅಂಗಡಿಗೆ ಸ್ಯಾಂಪಲ್ ತೋರ್ಸು,” ಎಂದರು. ಹಡಗಿನ ಟಿಕೆಟ್ಟು ಅವರದೇ. ಅದಕ್ಕೊಂದು ಆದಾಯ ಹುಡುಕದಿದ್ದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ.

ಗುಂಡ್ಲುಪೇಟೆಯಿಂದ ಮೈಸೂರಿಗೆ ನೇರ ಬಸ್ಸಿತ್ತು. ಆದರೆ ದೊರೆಗಳ ಸೀಮೆಗೆ ಹೋಗುವ ಸೊಸೆ ಬಸ್ಸಿನಲ್ಲಿ ಹೋದರೆ ಮರ್ಯಾದೆಯಲ್ಲ ಎಂದು ಮಾವ ಹಟ ಹಿಡಿದು, ಸುತ್ತು ಹಾಕಿಸಿ, ಚಾಮರಾಜನಗರಕ್ಕೆ ಕರೆತಂದು ರೈಲು ಹತ್ತಿಸಿದರು. ರಾಗಿ ಹಿಟ್ಟಿನ ಡಬ್ಬ, ಹಿಟ್ಟಿನ ಕೋಲು, ಹುರುಳಿ, ವಿಭೂತಿ ಗಟ್ಟಿ, ಅರಿಸಿನ, ಇವುಗಳ ನಡುವೆ ನಾನು. ಸ್ಟೇಷನ್ ಮಾಸ್ಟರು ಯಾವೂರಿಗೆ ಎಂದು ಕೇಳಿದ್ದಕ್ಕೆ ಮಾವ, “ಲಂಡನ್ಗೆ. ನಮ್ಮ ಸೊಸೆ. ಊಟ ಕೊಟ್ಟು ಎಂಟು ಪೌಂಡು,” ಎಂದರು. ಆ ಮನುಷ್ಯ ನನ್ನನ್ನೇ ಅಷ್ಟಕ್ಕೆ ಗೊತ್ತು ಮಾಡಿದ್ದಾರೆಂದು ತಿಳಿದು, ಕುರ್ಚಿ ತರಿಸಿ ಕೂರಿಸಿದರು.

ಹಡಗು

ಬೊಂಬಾಯಿಯಲ್ಲಿ ಹಡಗು ಹತ್ತಿದೆ. ಸಮುದ್ರದ ಬಗ್ಗೆ ಬರೆಯಲು ನನಗೆ ಹೆಚ್ಚೇನೂ ಇಲ್ಲ. ಮೊದಲ ನಾಲ್ಕು ದಿನ ಬೇಸಿನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಕ್ಯಾಬಿನ್ನಿನಲ್ಲಿ ಜೊತೆಗಿದ್ದವರು ಮಿಸೆಸ್ ಹಾರ್ಟ್‌ಲಿ. ನೀಲಗಿರಿಯ ಟೀ ಎಸ್ಟೇಟಿನಲ್ಲಿ ಇಪ್ಪತ್ತು ವರ್ಷ ಇದ್ದು, ಗಂಡ ತೀರಿಕೊಂಡ ಮೇಲೆ ತಮ್ಮ ದೇಶಕ್ಕೆ ಮರಳುತ್ತಿದ್ದರು. ಗುಂಡ್ಲುಪೇಟೆ ಅವರಿಗೆ ಚೆನ್ನಾಗಿ ಗೊತ್ತಿತ್ತು, ಕಾರಿನ ರೇಡಿಯೇಟರಿಗೆ ನೀರು ತುಂಬಿಸುವ ಜಾಗವೆಂದು. ನನ್ನ ಇಂಗ್ಲಿಷ್ ಕೇಳಿ, ಎಷ್ಟು ಚಂದ ಮಾತಾಡುತ್ತೀ, ಕಣ್ಣು ಮುಚ್ಚಿಕೊಂಡರೆ ಗೊತ್ತೇ ಆಗುವುದಿಲ್ಲ ಎಂದರು. ಹಾಗೆಂದು ಕಣ್ಣು ಮುಚ್ಚಿಕೊಳ್ಳಲಿಲ್ಲ.

ಏಡನ್ ದಾಟುವ ತನಕ ಅವರು ಗಟ್ಟಿಯಾಗಿದ್ದರು. ಸೂಯೆಜ್ ಹತ್ತಿರ ಬರುತ್ತಿದ್ದ ಹಾಗೆ ಒಂದು ಬೆಳಿಗ್ಗೆ ಅಳುತ್ತಾ ಕೂತರು. ಗಂಡನ ನೆನಪೇನೋ ಎಂದು ಪಕ್ಕಕ್ಕೆ ಹೋದೆ. ಅದಲ್ಲ, ಅಲ್ಲಿ ಹೋದ ಮೇಲೆ ಆಳುಗಳಿರುವುದಿಲ್ಲ. ಎಸ್ಟೇಟಿನಲ್ಲಿ ಆರು ಜನ ಇದ್ದರು. ಟೀ ತೋಟದಲ್ಲಿ ಇಪ್ಪತ್ತು ವರ್ಷ ಬಾಳಿದ ಆ ಹೆಂಗಸಿಗೆ ಟೀ ಮಾಡಲು ಬರುತ್ತಿರಲಿಲ್ಲ. ಹಡಗಿನ ಅಡಿಗೆಮನೆಯಿಂದ ಬಿಸಿನೀರು ತಂದು ನಾನೇ ಕಲಿಸಿದೆ. ಪುಡಿ ಮೊದಲೋ ಹಾಲು ಮೊದಲೋ ಎಂದು ನೋಟ್ ಮಾಡಿಕೊಂಡರು.

“ಯೂ ಆರ್ ಸೋ ಲಕ್ಕಿ ಮೈ ಡಿಯರ್,” ಎಂದರು ಮೂಗು ಒರೆಸಿಕೊಂಡು. “ಯುವರ್ ಪೀಪಲ್ ಕಾಸ್ಟ್ ನಥಿಂಗ್.”

ನನಗೆ ಸಾಕಮ್ಮ ನೆನಪಾದಳು. ಸಿಟ್ಟು ಬರಬೇಕಿತ್ತು. ಬರಲಿಲ್ಲ, ಏಕೆಂದರೆ ಮಾತು ನಿಜವಾಗಿತ್ತು, ಮತ್ತು ನಮ್ಮ ಮನೆಗೂ ಅನ್ವಯಿಸುತ್ತಿತ್ತು.

ಬರ್ಮಿಂಗ್‌ಹ್ಯಾಮ್

ಸ್ಟೇಷನ್ನಿನಲ್ಲಿ ಯಜಮಾನರು ಬೇರೆ ಯಾರದೋ ಓವರ್‌ಕೋಟು ಹಾಕಿಕೊಂಡು ನಿಂತಿದ್ದರು. ತೋಳು ಬೆರಳು ಮುಚ್ಚುವಷ್ಟು ಉದ್ದ. ಎಂಟು ಪೌಂಡಿನವರಿಗೆ ಸ್ವಂತದ್ದೊಂದು ಕೋಟಿಲ್ಲವೇ ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು. ಎರಡು ವರ್ಷದ ಮೇಲೆ ನೋಡಿದ ಮುಖ, ಕೋಟಿನ ಕಡೆ ಯಾರಿಗೆ ಗಮನ.

ಮಿಸೆಸ್ ಪ್ರ್ಯಾಟ್ ಎಂಬ ವಿಧವೆಯ ಮನೆಯ ಮೇಲಂತಸ್ತಿನಲ್ಲಿ ಒಂದು ಕೋಣೆ. ಒಂದು ಮಂಚ, ಒಂದು ಮೇಜು, ಮೂಲೆಯಲ್ಲಿ ಒಂದು ಗ್ಯಾಸಿನ ಒಲೆ. ಆ ಒಲೆಯ ಪಕ್ಕ ಒಂದು ಪೆಟ್ಟಿಗೆ. ಅದರ ಬಾಯಿಗೆ ಶಿಲ್ಲಿಂಗು ಹಾಕಿದರೆ ಗ್ಯಾಸು ಬರುತ್ತದೆ, ಮುಗಿದರೆ ನಿಲ್ಲುತ್ತದೆ. ಮೊದಲ ದಿನವೇ ಯಜಮಾನರಿಗೆ ರಾಗಿ ಹಿಟ್ಟು ಉಣ್ಣಿಸಬೇಕೆಂದು ಎಸರಿಟ್ಟು, ಹಿಟ್ಟು ಬಿಟ್ಟು, ಕೋಲು ಹಾಕಿ ತಿರುಗಿಸುವಾಗ ಒಲೆ ಪುಸಕ್ಕೆಂದು ಆರಿಹೋಯಿತು. ಇವರು ಜೇಬು ತಡಕಿದರು. ಶಿಲ್ಲಿಂಗಿಲ್ಲ. ಕೆಳಗೆ ಹೋಗಿ ಮಿಸೆಸ್ ಪ್ರ್ಯಾಟ್ ಹತ್ತಿರ ಚಿಲ್ಲರೆ ಮಾಡಿಸಿಕೊಂಡು ಬರುವಷ್ಟರಲ್ಲಿ ಹಿಟ್ಟು ಅರ್ಧ ಬೆಂದು ಗಂಟಾಗಿತ್ತು. ಇವರು ಅದನ್ನೇ ತಿಂದರು. ಮಾರನೆಯ ದಿನ ನಾನು ಪಾತ್ರೆ ತೊಳೆಯುವಾಗ ಮಿಸೆಸ್ ಪ್ರ್ಯಾಟ್ ಅಂಟಿಕೊಂಡದ್ದನ್ನು ಬೆರಳಿನಲ್ಲಿ ಮುಟ್ಟಿ ನೋಡಿ, ಗೋಡೆಗೆ ಕಾಗದ ಅಂಟಿಸುವುದಿದ್ದರೆ ಮೊದಲು ನನ್ನ ಪರ್ಮಿಷನ್ ಕೇಳಬೇಕು ಎಂದರು.

ಅವರ ಮನೆಯಲ್ಲಿ ಯಾವುದೂ ಬಿಟ್ಟಿಯಲ್ಲ. ಸ್ನಾನದ ತೊಟ್ಟಿಗೆ ಬಿಸಿನೀರು ಬೇಕಾದರೆ ಆರು ಪೆನ್ಸು, ಅದೂ ವಾರಕ್ಕೊಮ್ಮೆ. ನಾನು ದಿನಾ ಮಿಂದು ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕದವಳು. ತಣ್ಣೀರಿನಲ್ಲಿ ಮಿಂದರೆ ದುಡ್ಡಿಲ್ಲ ಎಂದು ತಿಳಿದುಕೊಂಡು, ನಡುಗುತ್ತಾ ಮಿಂದು, ನಡುಗುತ್ತಾ ವಿಭೂತಿ ಹಚ್ಚಿಕೊಂಡೆ. ನನ್ನ ಹಣೆ ನೋಡಿ ಮಿಸೆಸ್ ಪ್ರ್ಯಾಟ್ ದಿನಾ, “ಪೌಡರ್ ಸ್ವಲ್ಪ ಮೇಲೆ ಬಿತ್ತು ಡಿಯರ್,” ಎಂದು ನೆನಪಿಸುತ್ತಿದ್ದರು. ಒಳ್ಳೆಯ ಹೆಂಗಸು. ಅದಕ್ಕೆ ಮಾತ್ರ ಚಾರ್ಜ್ ಮಾಡುತ್ತಿರಲಿಲ್ಲ.

ಮೊದಲ ಶುಕ್ರವಾರ ಇವರು ಸಂಬಳದ ಕವರು ತಂದು ಮೇಜಿನ ಮೇಲಿಟ್ಟರು. ನಾನು ಕಣ್ಣಿಗೊತ್ತಿಕೊಂಡೆ. ಇವರು ಅದನ್ನು ಬಿಚ್ಚಿ ಬಾಡಿಗೆಗೊಂದು, ಕ್ಲಾಸಿನ ಫೀಸಿಗೊಂದು, ಬಸ್ಸಿಗೊಂದು, ಆ ಗ್ಯಾಸಿನ ಪೆಟ್ಟಿಗೆಗೊಂದು, ಅಪ್ಪನಿಗೆ ಕಳಿಸುವುದಕ್ಕೊಂದು ಎಂದು ಗುಡ್ಡೆ ಮಾಡಿದರು. ಕೊನೆಗೆ ಉಳಿದ ಗುಡ್ಡೆ ಊಟದ್ದು. ಅದು ಒಬ್ಬರ ಊಟದಷ್ಟೇ ಇತ್ತು.

ನಾನು ಆ ಗುಡ್ಡೆಯನ್ನು ಇನ್ನೊಮ್ಮೆ ಎಣಿಸಿದೆ. ಆಮೇಲೆ ಮಾವನ ಪ್ರಶ್ನೆಯನ್ನೇ ಕೇಳಿದೆ. “ರೀ, ಇದು ಊಟ ಕೊಟ್ಟೋ, ಊಟ ಬಿಟ್ಟೋ?”

ಇವರು ಅಲ್ಲಿಗೆ ಹೋದ ಮೇಲೆ ನನ್ನ ಹತ್ತಿರವೂ ಅರ್ಧ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದವರು. ಆವತ್ತು ಮಾತ್ರ ತಲೆ ತಗ್ಗಿಸಿ, “ಊಟ ಬುಟ್ಟು ಕಣಮ್ಮಿ,” ಎಂದರು.

“ಮಾವನಿಗೆ ಯಾಕೆ ಬರೀಲಿಲ್ಲ?”

“ಬರ್ದಿದ್ರೆ ನಿನ್ನ ಕಳಿಸ್ತಿದ್ರಾ?”

ಎದುರಿಗೆ ಎಂಟು ಪೌಂಡು ಆರು ಗುಡ್ಡೆಯಾಗಿ ಕೂತಿತ್ತು. ಅಲ್ಲಿ ಸಂಪಾದಿಸಿ ಇಲ್ಲಿ ಖರ್ಚು ಮಾಡಿದರೆ ಅಮಲ್ದಾರರು. ಅಲ್ಲೇ ಸಂಪಾದಿಸಿ ಅಲ್ಲೇ ಉಂಡರೆ ಬೇರೆಯವರ ಕೋಟು. ಇಷ್ಟು ಸಣ್ಣ ಲೆಕ್ಕ ತಿಳಿಯಲು ನಾನು ಸಮುದ್ರ ದಾಟಬೇಕಾಯಿತು.

ಎರಡು ತಿಂಗಳು ಹೇಗೋ ತಳ್ಳಿದೆವು. ನನಗೆ ಹಸಿವಿಲ್ಲ ಎಂದು ಇವರು, ನನಗೆ ಆಗಲೇ ಆಯಿತು ಎಂದು ನಾನು. ಇಬ್ಬರೂ ಸುಳ್ಳು ಹೇಳುವುದರಲ್ಲಿ ಪಳಗಿದೆವು. ಅರಿಸಿನದ ಕೊಂಬು ಹಿಡಿದು ಮೂರು ಅಂಗಡಿ ಹತ್ತಿದೆ. ಒಬ್ಬ ಅದನ್ನು ಮೂಸಿ, ಹೂವಿನ ಗಡ್ಡೆಯೋ, ಯಾವಾಗ ನೆಡಬೇಕು ಎಂದು ಕೇಳಿದ. ಇವರು ಊಟದ ಹೊತ್ತಿನಲ್ಲಿ ಹಡಗಿನ ಕಂಪನಿಯ ಕಾಗದ ಓದುವುದನ್ನು ಒಮ್ಮೆ ಕಂಡೆ. ನನ್ನನ್ನು ಕಂಡು ಮಡಿಸಿ ಜೇಬಿಗೆ ಹಾಕಿಕೊಂಡರು. ಮಾವನ ಷರತ್ತು ಇಬ್ಬರಿಗೂ ನೆನಪಿತ್ತು. ಮಾರನೆಯ ದಿನ ನಾನು ಕೆಲಸ ಕೇಳಲು ಹೋದೆ.

ಲಾಂಡ್ರಿ

ಕೆಲಸ ಕೊಡಿಸುವ ಸರ್ಕಾರಿ ಆಫೀಸಿನಲ್ಲಿ ಒಬ್ಬ ಗುಮಾಸ್ತ. ನನ್ನ ಇಂಗ್ಲಿಷ್ ಕೇಳಿ ಪೆನ್ನು ಕೆಳಗಿಟ್ಟ. ಎಲ್ಲಿ ಕಲಿತದ್ದು ಎಂದ. ನನ್ಸ್ ಎಂದೆ. ಎಕ್ಸಲೆಂಟ್ ಎಂದ. ಹಾಗಾದರೆ ಯಾವುದಾದರೂ ಆಫೀಸಿನಲ್ಲಿ ಎಂದೆ. ಅಲ್ಲಿ ಖಾಲಿಯಿಲ್ಲ ಎಂದ. ಅಂಗಡಿಯಲ್ಲಿ ಎಂದೆ. ಗಿರಾಕಿಗಳಿಗೆ ಅಭ್ಯಾಸವಿಲ್ಲ, ನೀವು ಅರ್ಥ ಮಾಡಿಕೊಳ್ಳುತ್ತೀರಿ ಎಂದ. ಅರ್ಥ ಮಾಡಿಕೊಳ್ಳುವಷ್ಟು ಇಂಗ್ಲಿಷ್ ಕಲಿಸಿದ್ದು ಸಿಸ್ಟರುಗಳ ತಪ್ಪು. ಕಡೆಗೆ ಅವನು ಹಲ್ಲು ಬಿಟ್ಟು ಒಂದು ಚೀಟಿ ಕೊಟ್ಟ. ಹೊರಗೆ ಬಂದು ಓದಿದೆ: ಲಾಂಡ್ರಿ.

ಚೀಟಿ ಹಿಡಿದು ಫುಟ್‌ಪಾತಿನಲ್ಲಿ ಎಷ್ಟು ಹೊತ್ತು ನಿಂತೆನೋ. ಗುರುಮಲ್ಲಪ್ಪನವರ ಸೊಸೆ ಊರವರ ಬಟ್ಟೆ ಒಗೆಯುವುದೇ? ಭೀಮನಬೀಡಿಗೆ ಈ ಸುದ್ದಿ ಮುಟ್ಟಿದರೆ ಹಡಗು ಸಾಲದು, ಮಾವ ಈಜಿಯಾದರೂ ಬಂದು ನನ್ನನ್ನು ಎಳೆದುಕೊಂಡು ಹೋಗುತ್ತಾರೆ. ಆಮೇಲೆ ಮೇಜಿನ ಮೇಲಿನ ಕೊನೆಯ ಗುಡ್ಡೆ ಕಣ್ಣ ಮುಂದೆ ಬಂತು. ಹೋದೆ.

ಅಲ್ಲಿ ನಮಗೆಲ್ಲ ಹಿರಿಯಳು ಡೋರೀನ್ ಎಂಬ ದಪ್ಪ ಹೆಂಗಸು. ರಾಜನಾದರೂ ಅವಳಿಗೆ ‘ಲವ್’, ಮೇಸ್ತ್ರಿಯಾದರೂ ‘ಲವ್’. ಅವಳ ಇಂಗ್ಲಿಷ್ ನನಗೆ ಅರ್ಧ ತಿಳಿಯುತ್ತಿರಲಿಲ್ಲ, ನನ್ನದು ಅವಳಿಗೆ ರೇಡಿಯೋದಲ್ಲಿ ನ್ಯೂಸ್ ಓದಿದ ಹಾಗೆ ಕೇಳುತ್ತಿತ್ತಂತೆ. ನನ್ನ ಕೈಬರಹ ನೋಡಿ ಮೊದಲು ಗುರುತು ಹಾಕುವ ಕೋಣೆಗೆ ಹಾಕಿದರು. ಬಂದ ಕಾಲರು, ದಿಂಬಿನ ಚೀಲಗಳ ಮೂಲೆಗೆ ಮಸಿಯಲ್ಲಿ ನಂಬರು ಬರೆಯುವುದು. ಊರಲ್ಲಿ ಸಾಕಮ್ಮ ಗೇರುಕಾಯಿಯ ರಸದಲ್ಲಿ ಮನೆಗೊಂದು ಗುರುತು ಹಾಕುತ್ತಿದ್ದಳು. ನಮ್ಮ ಮನೆಗೆ ಮೂರು ಚುಕ್ಕೆ, ಒಂದು ಗೆರೆ. ಒಂದು ಅಕ್ಷರ ಓದದೆ ಅವಳು ಮಾಡುತ್ತಿದ್ದ ಕೆಲಸ ಕಲಿಯಲು ನನ್ನ ಅಪ್ಪ ಎಂಟು ವರ್ಷ ಕಾನ್ವೆಂಟಿನ ಫೀಸು ಕಟ್ಟಿದ್ದರು.

ಆಮೇಲೆ ಹಾಸಿಗೆ ಬಟ್ಟೆ ಮಡಿಸುವ ಕಡೆ ಹಾಕಿದರು. ಆಸ್ಪತ್ರೆ, ಹೋಟೆಲುಗಳ ಬಿಳಿ ಶೀಟುಗಳು ಬಿಸಿ ರೋಲರಿನಿಂದ ಹೊಗೆಯಾಡುತ್ತಾ ಬರುತ್ತವೆ. ಎರಡು ಜನ ಎದುರುಬದುರು ನಿಂತು ಮೂಲೆ ಹಿಡಿಯಬೇಕು. ಒಂದು ಸಲ ಜಾಡಿಸಬೇಕು, ಮೂಲೆಗೆ ಮೂಲೆ ಸೇರಿಸಬೇಕು, ಎರಡು ಹೆಜ್ಜೆ ಮುಂದೆ ಬಂದು ನನ್ನ ಮೂಲೆ ಅವಳ ಕೈಗೆ ಕೊಟ್ಟು, ಬಗ್ಗಿ ಮಡಿಕೆ ಹಿಡಿದು ಹಿಂದೆ ಸರಿಯಬೇಕು. ದಿನಕ್ಕೆ ನೂರಾರು ಸಲ. ಡೋರೀನ್ ಇದಕ್ಕೆ ಡ್ಯಾನ್ಸ್ ಎನ್ನುತ್ತಿದ್ದಳು. ಒಂದು ತಿಂಗಳಲ್ಲಿ ನನ್ನ ಕೈಗಳು ನನ್ನನ್ನು ಕೇಳದೆ ಅದನ್ನು ಮಾಡತೊಡಗಿದವು.

ಸಂಬಳ ಇವರದ್ದರಲ್ಲಿ ಅರ್ಧಕ್ಕಿಂತ ತುಸು ಮೇಲೆ. ಆದರೆ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಊಟ, ಅದು ಸಂಬಳದ ಮೇಲೆ. ಎಲ್ಲರೂ ಒಂದೇ ಉದ್ದ ಮೇಜಿಗೆ. ಮೇಸ್ತ್ರಿ, ಡೋರೀನ್, ಕೊಳಕು ಬಟ್ಟೆ ಬಿಚ್ಚುವ ಮುದುಕಿ, ನಾನು. ಮಾಂಸ ಬಿಟ್ಟು ಆಲೂಗಡ್ಡೆ, ಬಟಾಣಿ, ಪುಡಿಂಗು ತಿನ್ನುತ್ತಿದ್ದೆ. ಡೋರೀನ್ ತನ್ನ ಆಲೂಗಡ್ಡೆಯನ್ನೂ ನನ್ನ ತಟ್ಟೆಗೆ ತಳ್ಳುತ್ತಿದ್ದಳು. “ನಿನ್ನ ಗಂಡ ನಿನಗೆ ಏನೂ ಹಾಕುವುದಿಲ್ಲವಾ ಲವ್?” ಹಾಕುವುದಿಲ್ಲ ಎಂದು ಹೇಗೆ ಹೇಳಲಿ.

ಗಂಡನಿಗೆ ಹೇಳಿದ್ದು ಮೊದಲ ಸಂಬಳ ಬಂದ ಶುಕ್ರವಾರ. ಎರಡು ಕವರು ಮೇಜಿನ ಮೇಲೆ. ಅವರ ಮುಖ ಕೆಂಪಾಯಿತು. ಮೂರು ದಿನ ಮಾತಿಲ್ಲ. ನಾಲ್ಕನೆಯ ದಿನ ತಮ್ಮ ಅಂಗಿ ಹಾಕಿಕೊಳ್ಳುತ್ತಾ, “ನಮ್ಮಪ್ಪನಿಗೆ ಗೊತ್ತಾದ್ರೆ?” ಎಂದರು.

“ಗೊತ್ತಾಗಬೇಕಾದರೆ ನೀವೇ ಬರೀಬೇಕು. ನೀವು ಬರೆಯೋದರಲ್ಲಿ ಬಹಳ ಜಿಪುಣರು.”

ಅವರು ನಕ್ಕರು. ಹಡಗಿನ ಕಾಗದ ಗ್ಯಾಸಿನ ಒಲೆ ಹಚ್ಚಲು ಉಪಯೋಗಕ್ಕೆ ಬಂತು.

ಮಾವನಿಗೆ ನಾನೇ ಬರೆದೆ: ನನಗೂ ಒಂದು ದೊಡ್ಡ ಸಂಸ್ಥೆಯಲ್ಲಿ ಬರವಣಿಗೆಯ ಕೆಲಸ ಸಿಕ್ಕಿದೆ, ಮೇಜಿನ ಮೇಲೆ ಊಟ ಕೊಟ್ಟು. ಒಂದೊಂದು ಮಾತೂ ನಿಜ. ಅವರು ಮೇಷ್ಟರ ಕೈಯಲ್ಲಿ ಉತ್ತರ ಬರೆಸಿದರು: ಸೊಸೆಗೆ ಊಟ ಕೊಟ್ಟು ಎಂದು ತಿಳಿದು ಸಂತೋಷವಾಯಿತು, ಮಗನೂ ಸ್ವಲ್ಪ ಕಷ್ಟಪಟ್ಟರೆ ಆ ಮಟ್ಟಕ್ಕೆ ಬರಬಹುದು.

ಮತ್ತೆ ಭೀಮನಬೀಡು

ಹಾಗೆ ಎರಡು ವರ್ಷ. ಬಸುರಿಯಾದೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂದು ಎರಡೂ ಮನೆಯಿಂದ ಕಾಗದ. ಈ ಸಲದ ಟಿಕೆಟ್ಟು ನನ್ನ ಶುಕ್ರವಾರಗಳದ್ದು. ಗುಂಡ್ಲುಪೇಟೆಯಲ್ಲಿ ಮಗಳು ಹುಟ್ಟಿದಳು. ಐದು ತಿಂಗಳಾದ ಮೇಲೆ ಕೂಸಿನ ಜೊತೆ ಅತ್ತೆಮನೆಗೆ ಬಂದೆ. ಮಹಡಿ ಎದ್ದಿರಲಿಲ್ಲ. ಅದಕ್ಕೆಂದು ತರಿಸಿದ ಮರಳಿನ ಗುಡ್ಡೆಯಲ್ಲಿ ನಾಯಿಯೊಂದು ಸಂಸಾರ ಹೂಡಿತ್ತು. ಯಜಮಾನರ ಓದು ಇನ್ನೂ ಒಂದು ವರ್ಷ ಇತ್ತು. ಸುಗ್ಗಿ ಮುಗಿದ ಮೇಲೆ ತಾಯಿಮಗಳನ್ನು ಮತ್ತೆ ಕಳಿಸಲು ಮಾವ ಒಪ್ಪಿದ್ದರು. “ಊಟ ಕೊಡೋ ಕೆಲ್ಸ, ಯಾಕೆ ಬುಡೋದು?” ಎಂಬುದು ಅವರ ವಾದ.

ಒಂದು ಮಧ್ಯಾಹ್ನ ಸಾಕಮ್ಮ ಹಿತ್ತಿಲಲ್ಲಿ ಒಗೆದ ದುಪ್ಪಟಿ ಮಡಿಸುತ್ತಿದ್ದಳು. ಒಬ್ಬಳೇ ಪರದಾಡುತ್ತಿದ್ದಳೆಂದು ಹೋಗಿ ಇನ್ನೆರಡು ಮೂಲೆ ಹಿಡಿದೆ. ಅಷ್ಟೇ. ಮಿಕ್ಕದ್ದು ನನ್ನ ಕೈಗಳು ಮಾಡಿದವು. ಜಾಡಿಸಿದವು, ಮೂಲೆಗೆ ಮೂಲೆ ಕೂಡಿಸಿದವು, ಎರಡು ಹೆಜ್ಜೆ ಮುಂದೆ ತಂದು ಅವಳ ಕೈಗೆ ಕೊಟ್ಟು ಮಡಿಕೆ ಹಿಡಿದು ಹಿಂದೆ ಸರಿದವು.

ಸಾಕಮ್ಮ ಮೂಲೆ ಹಿಡಿದುಕೊಂಡೇ ನಿಂತಳು.

“ಸಣ್ಣವ್ವ, ಇದು ನೋಡಿ ಕಲ್ತ ಕೈಯಲ್ಲ.”

ಸುಳ್ಳು ಹೇಳಬಹುದಿತ್ತು. ಅವಳ ಕಸುಬಿನ ವಿಷಯದಲ್ಲಿ ಅವಳಿಗೆ ಸುಳ್ಳು ಹೇಳುವುದು ಹೇಗೆ? ಅತ್ತೆ ಒಳಗಿದ್ದಾರೆಯೇ ಎಂದು ನೋಡಿ, ಮೆಲ್ಲಗೆ ಹೇಳಿಬಿಟ್ಟೆ.

“ಅಲ್ಲೂ ಸುಗ್ಗೀಲೇ ಅಳೀತಾರಾ?”

“ಇಲ್ಲ. ಶುಕ್ರವಾರ ಶುಕ್ರವಾರ, ಕೈಗೆ ದುಡ್ಡು.”

“ಊಟ?”

“ಊಟ ಕೊಟ್ಟು.”

“ಹಿತ್ಲಲ್ಲಾ?”

“ಒಳಗೆ, ಮೇಜಿನ ಮೇಲೆ. ಮೇಸ್ತ್ರಿ ಪಕ್ಕದಲ್ಲೇ.”

ಅವಳು ದುಪ್ಪಟಿಯನ್ನು ಇನ್ನೊಂದು ಮಡಿಕೆ ಮಾಡಿದಳು, ಬೇಕಿರಲಿಲ್ಲ. “ನಾ ಯಾರ್ಗೂ ಯೋಳಕಿಲ್ಲ ಬುಡಿ,” ಎಂದು ಗಂಟು ತಲೆಯ ಮೇಲಿಟ್ಟುಕೊಂಡು ಹೋದಳು. ಹೇಳಲೂ ಇಲ್ಲ. ಈಗ ಅವಳೂ ಇಲ್ಲ, ಮಾವನೂ ಇಲ್ಲ, ಗುಡ್ಡೆ ಮಾಡುತ್ತಿದ್ದ ಯಜಮಾನರೂ ಇಲ್ಲ. ಹೇಳುವ ಕೆಲಸ ನನ್ನ ಪಾಲಿಗೆ ಉಳಿದಿದೆ.

ಕಣದಿಂದ ರಾಗಿ ಮನೆಗೆ ಬಂದ ದಿನ ಆಯದವರು ಹಿತ್ತಿಲಿಗೆ ಬರುವುದು ವಾಡಿಕೆ. ಆ ಸಲ ಸಾಕಮ್ಮ ಜಗಲಿಯ ಮುಂದೆ ಬಂದು ನಿಂತಳು. ಮಾವ ನಾಲ್ಕು ಜನರ ಜೊತೆ ಕೂತಿದ್ದರು. ನಾನು ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿದ್ದೆ.

“ಏನಮ್ಮಿ, ಹಿತ್ಲು ಮರ್ತೋಯ್ತಾ?”

“ಇಲ್ಲ ಬುದ್ಧಿ. ಒಂದು ಮಾತು ಆಡ್ಬೇಕಿತ್ತು. ನೀವು ಮುಂದ್ಗಡೆ ಕೂತಿರ್ತೀರ.”

“ಆಡು.”

“ಈ ವರ್ಷದಿಂದ ನಂಗೆ ಆಯ ಬ್ಯಾಡ. ವಾರ ವಾರ ಸಂತೆ ದಿನ ಕೈಗೆ ದುಡ್ಡು ಕೊಡಿ.”

ಮಾವ ಪಕ್ಕದವರನ್ನು ನೋಡಿ ನಕ್ಕರು. “ಕೇಳುದ್ರೇನ್ರಲಾ? ಎಲ್ಲಮ್ಮಿ ಕಲ್ತೆ ಇದ? ನಿಮ್ಮತ್ತೆ ಕೇಳಿದ್ಲಾ, ಅವ್ಳತ್ತೆ ಕೇಳಿದ್ಲಾ?”

“ಅವ್ರಿಗೆ ಗೊತ್ತಿರ್ನಿಲ್ಲ ಬುದ್ಧಿ.”

“ಯಾವ ದೇಸದಲ್ಲಿ ಒಗೆಯೋರ್ಗೆ ವಾರ ವಾರ ದುಡ್ಡು ಕೊಟ್ಟವ್ರೆ?”

ಸಾಕಮ್ಮ ಬಾಯಿ ಬಿಡಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ರಾಗಿ ಮೂಟೆಗಳನ್ನು ನೋಡುತ್ತಾ ನಿಂತಳು. ತಿರುಗಿದವರು ಮಾವನೇ. “ನೀನೇ ಯೋಳವ್ವ. ನಿಮ್ಮ ಲಂಡನ್ನಲ್ಲಿ ಕೊಟ್ಟಾರಾ?”

“ಕೊಡ್ತಾರೆ ಮಾವ,” ಎಂದೆ. “ಶುಕ್ರವಾರ ಶುಕ್ರವಾರ, ಕವರಲ್ಲಿ ಹಾಕಿ.”

“ನಿಂಗೆಂಗೆ ಗೊತ್ತು?”

ಟಿಕೆಟ್ಟು ಪೆಟ್ಟಿಗೆಯಲ್ಲಿತ್ತು. ಸೊಂಟದ ಮೇಲಿನ ಕೂಸು ಅಪ್ಪನ ಮುಖ ಇನ್ನೂ ನೋಡಿರಲಿಲ್ಲ. ಒಂದು ಮಾತು ನಿಜ ಹೇಳಿದರೆ ಇಬ್ಬರೂ ಇಲ್ಲೇ.

“ನಮ್ಮ ಬೀದೀಲಿ ಒಬ್ಬಾಕೆ ಲಾಂಡ್ರಿಗೆ ಹೋಗ್ತಿದ್ಲು ಮಾವ. ಅವಳು ಹೇಳ್ತಿದ್ಲು.”

ಆಗ ಸಾಕಮ್ಮ ನನ್ನನ್ನು ನೋಡಿದಳು. ಕಣ್ಣು ರೆಪ್ಪೆ ಹೊಡೆಯಲಿಲ್ಲ. “ಪುಣ್ಯವಂತೆ ಬುಡಿ ಅವ್ಳು,” ಎಂದಳು.

ನಾಲ್ಕು ಜನರ ಎದುರು ಭೀಮನಬೀಡು ಬರ್ಮಿಂಗ್‌ಹ್ಯಾಮಿಗಿಂತ ಸಣ್ಣದಾಗುವುದು ಮಾವನಿಗೆ ಸೇರಲಿಲ್ಲ. ಮೀಸೆ ನೀವಿಕೊಂಡು ಯೋಚಿಸಿ, ವಾರಕ್ಕೆ ಇಷ್ಟು ಎಂದು ಒಂದು ಮಾತು ಹೇಳಿದರು. ಕಡಿಮೆ ಮಾತು. ಸಾಕಮ್ಮ ಅದರ ಮೇಲೆ ಇನ್ನೊಂದು ಹೇಳಿದಳು. ಕಡೆಗೆ ಮಾವ ಒಪ್ಪಿ, ಏಳುವ ಮುಂಚೆ, ಅಭ್ಯಾಸದ ಮೇಲೆ ಕೇಳಿದರು.

“ಊಟ ಕೊಟ್ಟೋ, ಊಟ ಬುಟ್ಟೋ?”

“ಊಟ ಬುಟ್ಟು ಬುದ್ಧಿ,” ಎಂದಳು ಸಾಕಮ್ಮ.

ಆವತ್ತು ಸಂಜೆ ಹಿಟ್ಟು ಕಟ್ಟಿದವಳು ನಾನು. ದಿನದ ಲೆಕ್ಕದಲ್ಲೇ ಕಟ್ಟಿದ್ದೆ. ಎಲ್ಲರಿಗೂ ಬಡಿಸಿ ಆದ ಮೇಲೆ, ಹಿತ್ತಿಲಲ್ಲಿ ಕೆಮ್ಮು ಕೇಳದೆ ಅತ್ತೆ ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದರು. ಆಮೇಲೆ ತಪ್ಪಲೆಯೊಳಗೆ ನೋಡಿ, “ಇದ್ಯಾರ್ದವ್ವ, ಒಂದು ಹೆಚ್ಗೆ ಅದಲ್ಲ?” ಎಂದರು.

“ನಂದೇ ಅತ್ತೆ,” ಎಂದೆ.